ಹಲ್ಲಿಗೆ ಕ್ಲಿಪ್ ಹಾಕಿಸುವ ಮುಂಚೆ

ನಮ್ಮ ದಾವಣಗೆರೆಯಲ್ಲೇ ಎರಡು ಡೆಂಟಲ್ ಕಾಲೇಜುಗಳಿವೆ. ಆದರೂ ತಂಗಿಯ ಮಗಳಿಗೆ ಕ್ಲಿಪ್ ಹಾಕಿಸುವಾಗ ಡಾಕ್ಟರ್ ಹೇಳಿದ ಅರ್ಧ ಮಾತು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಲ್ಲಿನ ಮೇಲೆ ಅಂಟಿಸುವ ಪುಟ್ಟ ಚೌಕವೇ ಬ್ರಾಕೆಟ್. ಅದು ತಾನಾಗಿ ಏನನ್ನೂ ಎಳೆಯುವುದಿಲ್ಲ. ಕೆಲಸ ಮಾಡುವುದು ಅದರ ಸೀಳಿನಲ್ಲಿ ಕೂರುವ ತಂತಿ, ಅಂದರೆ ಆರ್ಚ್‌ವೈರ್. ಶುರುವಿನಲ್ಲಿ ಸಾಮಾನ್ಯವಾಗಿ ಹಾಕುವ ನಿಕಲ್-ಟೈಟಾನಿಯಂ ತಂತಿ ಬಗ್ಗಿಸಿದರೂ ತನ್ನ ಆಕಾರಕ್ಕೇ ವಾಪಸ್ ಬರಲು ನೋಡುತ್ತದೆ, ಆ ಒತ್ತಡಕ್ಕೆ ಹಲ್ಲಿನ ಒಂದು ಕಡೆ ಮೂಳೆ ಕರಗಿ, ಇನ್ನೊಂದು ಕಡೆ ಹೊಸ ಮೂಳೆ ಬೆಳೆದು, ಹಲ್ಲು ನಿಧಾನವಾಗಿ ಜರುಗುತ್ತದೆ. ಬಲ ಜಾಸ್ತಿಯಾದರೆ ಬೇರಿಗೇ ಪೆಟ್ಟು. ಸುಮ್ನೆ "ಬೇಗ ಮುಗಿಸಿ ಡಾಕ್ಟ್ರೇ" ಅಂತ ಒತ್ತಾಯ ಮಾಡಬೇಡಿ.

ಓವರ್‌ಜೆಟ್, ಓವರ್‌ಬೈಟ್ ಎರಡೂ ಒಂದೇ ಅಲ್ಲ. ಮೇಲಿನ ಹಲ್ಲು ಎಷ್ಟು ಮುಂದೆ ಚಾಚಿದೆ ಅನ್ನುವುದು ಓವರ್‌ಜೆಟ್. ಕೆಳಗಿನ ಹಲ್ಲನ್ನು ಎಷ್ಟು ಮುಚ್ಚಿದೆ ಅನ್ನುವುದು ಓವರ್‌ಬೈಟ್. ಎರಡೂ 2ರಿಂದ 3 ಮಿಲಿಮೀಟರ್ ಇದ್ದರೆ ಸರಿ ಎನ್ನುತ್ತಾರೆ. ಕ್ರೌಡಿಂಗ್ ಅಂದರೆ ಜಾಗ ಸಾಲದೆ ಹಲ್ಲುಗಳು ಒತ್ತೊತ್ತಾಗಿ ಬರುವುದು, ಒಳ್ಳೆ ಹಲ್ಲನ್ನೂ ಕೆಲವೊಮ್ಮೆ ಕೀಳುವುದು ಇದಕ್ಕೇ.

ಊಟದ ವಿಷಯ: ಬೆಣ್ಣೆ ದೋಸೆಗೆ ಅಡ್ಡಿಯಿಲ್ಲ. ಗಟ್ಟಿ ಚಕ್ಕುಲಿ ಕಡಿದರೆ ಮಾತ್ರ ಬ್ರಾಕೆಟ್ ಕಿತ್ತು ಬರಬಹುದು.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ರಿಟೇನರ್. ಕ್ಲಿಪ್ ತೆಗೆದ ಮೇಲೆ ಹಲ್ಲು ಹಳೆ ಜಾಗಕ್ಕೆ ಹೋಗದಂತೆ ಹಿಡಿಯುವುದು ಅದೇ. ಚಿಕಿತ್ಸೆ ಮುಗಿಯಿತಲ್ವಾ ಅಂತ ಅದನ್ನು ಡಬ್ಬಿಯಲ್ಲೇ ಇಟ್ಟರೆ ಅಷ್ಟು ದುಡ್ಡು, ಅಷ್ಟು ನೋವು ಎಲ್ಲ ವ್ಯರ್ಥ. ಎಷ್ಟು ಕಾಲ ಹಾಕಬೇಕು ಅನ್ನುವುದನ್ನು ಮೊದಲ ದಿನವೇ ಕೇಳಿಕೊಳ್ಳಿ.