ಕೈಗೆ ಅಂಟದಿದ್ದರೆ ಒಣಗಿದೆ ಎಂದಲ್ಲ

ಎಣ್ಣೆಬಣ್ಣದ ಚಿತ್ರಕ್ಕೆ ವಾರ್ನಿಶ್ ಹಚ್ಚುವಾಗ ಬ್ರಶ್ಶಿನ ತುದಿ ಕಪ್ಪಾಯಿತೆಂದರೆ ಎದೆ ಧಸಕ್ಕೆನ್ನುತ್ತದೆ. ಪೋರ್ಟ್ರೇಟಿನ ಕೂದಲಿನ ಕಪ್ಪು ಬಣ್ಣ, ಐವರಿ ಬ್ಲ್ಯಾಕ್, ಕರಗಿ ಹಣೆಯ ಮೇಲೆ ಗೆರೆ ಎಳೆಯುತ್ತಾ ಬರುತ್ತದೆ. ಗಾಬರಿಯಲ್ಲಿ ಬಟ್ಟೆ ತಗೊಂಡು ಒರೆಸಿದರೆ ಕೆಳಗಿನ ಮೈಬಣ್ಣವೂ ಏಳುತ್ತದೆ. ಆಗ ಕೈ ತೆಗೆದುಬಿಡಬೇಕು. ಕ್ಯಾನ್ವಾಸ್ ಮಲಗಿಸಿ, ಧೂಳು ಕೂರದಂತೆ ಮೇಲೊಂದು ಮರೆ ಕಟ್ಟಿ, ಪೂರ್ತಿ ಒಣಗಿದ ಮೇಲೇ ರಿಪೇರಿ.

ತಪ್ಪು ನಡೆದಿರುವುದು ಬಹಳ ಮೊದಲೇ, ಡೆಲಿವರಿ ದಿನ ಒಪ್ಪಿಕೊಂಡಾಗ. "ಇದರಿಂದ ಹೊಟ್ಟೆ ತುಂಬುತ್ತಾ?" ಎಂದು ಮನೆಯವರು ಕೇಳುತ್ತಲೇ ಇರುವಾಗ, ಬಂದ ಆರ್ಡರಿಗೆ ಹೆಚ್ಚು ಸಮಯ ಕೇಳಲು ಬಾಯೇ ಬರುವುದಿಲ್ಲ. ಮೂರು ವಾರ ಅಂದರೂ ಹೂಂ. ಅವಸರಪಡಿಸುವವರು ಗ್ಯಾಲರಿಯವರು, ಬಿರುಕು ಬಿಟ್ಟರೆ ಕೆಡುವುದು ಬರೆದವರ ಹೆಸರು.

ಎಣ್ಣೆಬಣ್ಣ ನೀರಿನ ಹಾಗೆ ಆವಿಯಾಗಿ ಆರುವುದಿಲ್ಲ. ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗಬೇಕು. ಮೇಲೆ ಬೇಗ ಕೆನೆ ಕಟ್ಟುತ್ತದೆ, ಒಳಗೆ ತಿಂಗಳುಗಟ್ಟಲೆ ಹಸಿ. ಬರ್ನ್ಟ್ ಅಂಬರ್ ಎಂಬ ಕಂದು ಬಣ್ಣ ಬೇಗ ಆರುತ್ತದೆ, ಅದರಲ್ಲಿ ಮ್ಯಾಂಗನೀಸ್ ಇದೆ. ಐವರಿ ಬ್ಲ್ಯಾಕ್, ಟೈಟಾನಿಯಂ ವೈಟ್ ನಿಧಾನ. ಮರದ ರಾಳದಿಂದ ಮಾಡುವ ಡಮರ್ ವಾರ್ನಿಶ್ಶಿಗೆ ಕನಿಷ್ಠ 6 ತಿಂಗಳು, ಬಣ್ಣ ದಪ್ಪಗಿದ್ದರೆ ವರ್ಷವೇ ಕಾಯಬೇಕು. ಹತ್ತಿಯ ತುದಿಯನ್ನು ಮಿನರಲ್ ಸ್ಪಿರಿಟ್ ಎಂಬ ದ್ರಾವಕದಲ್ಲಿ ಅದ್ದಿ ಮೂಲೆಯ ಕಪ್ಪು ಭಾಗದಲ್ಲಿ ಮೆಲ್ಲಗೆ ಉಜ್ಜಿ ನೋಡಿ. ಹತ್ತಿಗೆ ಬಣ್ಣ ಹತ್ತಿದರೆ ಇನ್ನೂ ಆಗಿಲ್ಲ.

ಪದರದ ಲೆಕ್ಕವೂ ಇದಕ್ಕೇ ಸೇರಿದ್ದು. ಮೊದಲ ಪದರ ಟರ್ಪೆಂಟೈನಿನಲ್ಲಿ ತೆಳ್ಳಗೆ, ಮೇಲೆ ಹೋದಂತೆ ಲಿನ್ಸೀಡ್ ಎಣ್ಣೆ ಸ್ವಲ್ಪ ಸ್ವಲ್ಪ ಜಾಸ್ತಿ. ಉಲ್ಟಾ ಮಾಡಿದರೆ ಮೇಲಿನದು ಮೊದಲು ಬಿಗಿದು, ಕೆಳಗಿನದು ಆಮೇಲೆ ಅಲುಗಾಡಿದಾಗ ಬಿರುಕು ಬಿಡುತ್ತದೆ. ನೀರಿನಲ್ಲಿ ಕಲಸುವ, ಬೇಗ ಆರುವ ಅಕ್ರಿಲಿಕ್ ಬಣ್ಣದ ಮೇಲೆ ಎಣ್ಣೆಬಣ್ಣ ನಡೆಯುತ್ತದೆ, ಎಣ್ಣೆಬಣ್ಣದ ಮೇಲೆ ಅಕ್ರಿಲಿಕ್ ಮಾತ್ರ ಸಿಪ್ಪೆಯೇಳುತ್ತದೆ. ಟ್ಯೂಬಿನ ಮೇಲಿನ ಪಿಗ್ಮೆಂಟ್ ನಂಬರನ್ನೂ, ಅಂದರೆ ಒಳಗಿನ ಬಣ್ಣದ ಪುಡಿಯ ಗುರುತನ್ನೂ ಓದಿ: ಪಿಆರ್ 83, ಅಂದರೆ ಹಳೆಯ ಅಲಿಜರಿನ್ ಕ್ರಿಮ್ಸನ್ ಎಂಬ ಕಡುಗೆಂಪು, ಬೆಳಕಿಗೆ ಮಾಸುತ್ತದೆ. ವ್ಯಾನ್ ಗೋ 1888ರಲ್ಲಿ ಬರೆದ ಮಲಗುವ ಕೋಣೆಯ ಗೋಡೆಗಳು ಮೊದಲು ನೇರಳೆ; ಕೆಂಪು ಮಾಸಿ ಈಗ ನೀಲಿಯಾಗಿ ಕಾಣುತ್ತವೆ.

ಗಡುವು ಚಿಕ್ಕದಿದ್ದರೆ ಅಕ್ರಿಲಿಕ್ಕಿನಲ್ಲೇ ಮಾಡಿ. ಎಣ್ಣೆಬಣ್ಣವೇ ಬೇಕೆಂದರೆ ವಾರ್ನಿಶ್ ಇಲ್ಲದೆ ಕೊಟ್ಟು, ಆಮೇಲೆ ಹಚ್ಚಿಕೊಡುವ ತಿಂಗಳನ್ನು ಬಿಲ್ಲಿನಲ್ಲೇ ಬರೆಯಿರಿ. ಕ್ಯಾನ್ವಾಸಿನ ಹಿಂದೆ, ಮರದ ಚೌಕಟ್ಟಿನ ಮೇಲೆ, ಕೊನೆಯ ಪದರದ ತಾರೀಖು ಮತ್ತು ಬಳಸಿದ ಎಣ್ಣೆಯ ಹೆಸರು ಪೆನ್ಸಿಲ್ಲಿನಲ್ಲಿ ಇರಲಿ. "ಮುಗಿದ ಚಿತ್ರ ಇನ್ನೂ ಯಾಕೆ ಇಲ್ಲೇ ಇದೆ?" ಎಂದು ಮನೆಯವರು ಕೇಳಿದಾಗ ತಿರುಗಿಸಿ ತೋರಿಸಬಹುದು.