ಬುಡಾಪೆಸ್ಟಿನಲ್ಲಿ ಕೋಲಿನಿಂದ ಬಾರಿಸುವ ಚೆಲ್ಲೊ

ವಿಯೆನ್ನಾದಲ್ಲಿ ಕೆಲಸಕ್ಕಿರುವ ತಂಗಿ, "ಬುಡಾಪೆಸ್ಟಿನಲ್ಲಿ ಒಂದು ಕಛೇರಿ ಇದೆ, ಅರ್ಧ ಶಾಸ್ತ್ರೀಯ, ಅರ್ಧ ಜಾನಪದ, ಬರ್ತೀಯಾ ಅಕ್ಕಾ?" ಅಂದಾಗ ನನಗೆ ಅಷ್ಟೇನೂ ಮನಸ್ಸಿರಲಿಲ್ಲ. ಫ್ಯೂಶನ್ ಅಂದರೆ ನನಗೆ ಸ್ವಲ್ಪ ಅಲರ್ಜಿ. ಬೆಂಗಳೂರಿನಲ್ಲಿ ಅಂಥವು ಸಾಕಷ್ಟು ಕೇಳಿದ್ದೇನೆ. ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ, ಕೊನೆಗೆ ಜೋರಾಗಿ ಏನೋ ಬಾರಿಸಿ ಚಪ್ಪಾಳೆ ಗಿಟ್ಟಿಸಿ ಎದ್ದು ಹೋಗುತ್ತಾರೆ. ಆದರೂ ಊರು ನೋಡಿದ ಹಾಗಾಯ್ತಲ್ವಾ ಅಂತ ರೈಲು ಹತ್ತಿದೆ. ಎರಡೂವರೆ ತಾಸು ಚಿಲ್ಲರೆ ದಾರಿ.

ಬೆಳಿಗ್ಗೆ ಹಂಗೇರಿಯ ಸಂಗೀತ ರಚನಕಾರ ಬಾರ್ಟೋಕ್ ಮನೆಗೆ ಹೋದೆವು. ನದಿಯ ಪಶ್ಚಿಮಕ್ಕಿರುವ ಬೂದಾ ಕಡೆಯ ಗುಡ್ಡದ ಮೇಲೆ, ಚಲಾನ್ ರಸ್ತೆಯಲ್ಲಿದೆ. ಅಮೆರಿಕಕ್ಕೆ ಹೋಗುವ ಮುಂಚೆ, 1932ರಿಂದ 1940ರವರೆಗೆ ಅವರು ಇದ್ದದ್ದು ಇಲ್ಲೇ. ಇಲ್ಲಿನವರು ಮನೆತನದ ಹೆಸರನ್ನು ಮೊದಲು ಹೇಳುತ್ತಾರೆ: ಬಾರ್ಟೋಕ್ ಬೇಲಾ. ನಾವು ಮೈಸೂರು ಚೌಡಯ್ಯ ಅನ್ನುವಾಗ ಊರನ್ನು ಮುಂದಿಟ್ಟ ಹಾಗೆ. ಒಳಗೆ ಟ್ರಾನ್ಸಿಲ್ವೇನಿಯಾದ (ಈಗ ರೊಮೇನಿಯಾದಲ್ಲಿರುವ ಸೀಮೆ) ಹಳ್ಳಿ ಬಡಗಿ ಕೆತ್ತಿಕೊಟ್ಟ ಕುರ್ಚಿ, ಮೇಜು. ಬಾರ್ಟೋಕ್ ಹಿಡಿದು ಜೋಡಿಸಿಟ್ಟ ಹುಳಹುಪ್ಪಟೆ. ನಾನು ಜಾಸ್ತಿ ಹೊತ್ತು ನಿಂತದ್ದು ಹಾಡು ಹಿಡಿದಿಡುವ ಹಳೇ ಯಂತ್ರ, ಫೋನೋಗ್ರಾಫ್ ಮುಂದೆ.

1904ರಲ್ಲಿ ಬಾರ್ಟೋಕ್ ಒಂದು ಹಳ್ಳಿಯಲ್ಲಿ ಉಳಿದಿದ್ದಾಗ, ಟ್ರಾನ್ಸಿಲ್ವೇನಿಯಾದಿಂದ ಬಂದಿದ್ದ ಕೆಲಸದ ಹುಡುಗಿಯೊಬ್ಬಳು ಹಾಡುವುದು ಕಿವಿಗೆ ಬಿತ್ತಂತೆ. ಅದೇ ಹುಚ್ಚು ಹತ್ತಿಸಿತು. ಗೆಳೆಯ, ಸಂಗೀತ ರಚನಕಾರ ಕೊಡಾಯ್ ಕೂಡ ಅದೇ ದಾರಿ ಹಿಡಿದ. ಬಾರ್ಟೋಕ್ ಫೋನೋಗ್ರಾಫ್ ಹೊತ್ತುಕೊಂಡು ಹಂಗೇರಿ, ಸ್ಲೊವಾಕಿಯಾ, ರೊಮೇನಿಯಾದ ಹಳ್ಳಿಗಳನ್ನು ಸುತ್ತಿದರು. 1913ರಲ್ಲಿ ಅಲ್ಜೀರಿಯಾದ ಬಿಸ್ಕ್ರಾಕ್ಕೆ, 1936ರಲ್ಲಿ ಟರ್ಕಿಗೆ ಹೋದರು. ಮೇಣದ ಒಂದು ಉರುಳೆಯಲ್ಲಿ ಹಿಡಿಯುತ್ತಿದ್ದದ್ದು ಕೆಲವೇ ನಿಮಿಷದ ಹಾಡು. ಅಜ್ಜಿಯರನ್ನು ಆ ಕೊಂಬಿನ ಮುಂದೆ ಕೂರಿಸಿ ಹಾಡಿಸುವುದು ಎಷ್ಟು ಕಷ್ಟ ಆಗಿರಬೇಕು! ನಾನು ಕೈ ಮುಂದೆ ಚಾಚಿದ್ದಷ್ಟೇ, ಅಲ್ಲಿದ್ದ ಹೆಂಗಸು ಬೆರಳು ಅಲ್ಲಾಡಿಸಿದರು. ಮುಟ್ಟೋ ಹಾಗಿಲ್ಲ.

ಸಂಜೆ ಅಪೆರಾ ನಿಲ್ದಾಣದಲ್ಲಿ ಮೆಟ್ರೊ ಹಿಡಿದೆವು. 1896ರ ಪುಟ್ಟ ಮೆಟ್ರೊ, ಬಿಳಿ ಟೈಲ್ಸ್, ಮರದ ಚೌಕಟ್ಟು, ಆಟಿಕೆ ಇದ್ದ ಹಾಗಿದೆ. ಒಂದೊಂದು ದಿಕ್ಕಿಗೆ ರಸ್ತೆಯ ಒಂದೊಂದು ಬದಿಯಲ್ಲಿ ಬೇರೆ ಮೆಟ್ಟಿಲು, ಕೆಳಗಿಳಿದ ಮೇಲೆ ದಾಟೋಕೆ ಆಗಲ್ಲ ಅನ್ನುವುದು ನನಗೇನು ಗೊತ್ತು? ನಾನೇ ಮುಂದಾಗಿ ಇಳಿದದ್ದು ಉಲ್ಟಾ ಕಡೆ. ಒಂದು ನಿಲ್ದಾಣ ಹಿಂದಕ್ಕೆ ಹೋಗಿ, ಮೇಲೆ ಬಂದು, ರಸ್ತೆ ದಾಟಿ, ಮತ್ತೆರಡು ಟಿಕೆಟ್ ಖರ್ಚು ಮಾಡಿದೆವು. "ನಡೆದಿದ್ರೆ ಐದು ನಿಮಿಷ ಆಗ್ತಿತ್ತು" ಅಂತ ತಂಗಿ ಮೂರು ಸಲ ಹೇಳಿದಳು.

ಕಛೇರಿ ಇದ್ದದ್ದು ಸಂಗೀತ ಅಕಾಡೆಮಿಯಲ್ಲಿ. 1907ರ ಕಟ್ಟಡ, ಗೋಡೆ ತುಂಬ ಚಿನ್ನದ ಬಣ್ಣ. ಬಾರ್ಟೋಕ್ ಪಿಯಾನೊ ಮೇಷ್ಟ್ರಾಗಿದ್ದ ಸಂಸ್ಥೆ ಇದೇ. ವೇದಿಕೆಯ ಬಲಕ್ಕೆ ಕಪ್ಪು ಬಟ್ಟೆಯ ನಾಲ್ವರು: ಎರಡು ಪಿಟೀಲು, ಅದಕ್ಕಿಂತ ತುಸು ದೊಡ್ಡದಾದ ಒಂದು ವಿಯೋಲಾ, ಮೊಣಕಾಲ ನಡುವೆ ನಿಲ್ಲಿಸಿ ನುಡಿಸುವ ಒಂದು ಚೆಲ್ಲೊ. ಎಡಕ್ಕೆ ತೋಳು ಮಡಚಿದ ಬಿಳಿ ಅಂಗಿಯ ಹಳ್ಳಿ ತಂಡ. ಮೊದಲು ಯಾರೂ ನುಡಿಸಲಿಲ್ಲ. ಸ್ಪೀಕರಿನಲ್ಲಿ ಹಳೇ ಉರುಳೆಯ ಗರಗರ ಸದ್ದು, ಅದರೊಳಗೆ ದೂರದಿಂದ ಒಂದು ಹೆಣ್ಣುದನಿ. ಬೆಳಿಗ್ಗೆ ಗಾಜಿನಾಚೆ ಸುಮ್ನೆ ಕೂತಿದ್ದ ಯಂತ್ರಕ್ಕೆ ಬಾಯಿ ಬಂದಂತಾಯಿತು. ಹಾಡು ನಿಲ್ಲುವ ಮೊದಲೇ ಹಳ್ಳಿ ಪಿಟೀಲಿನವನು ಅದೇ ಧಾಟಿ ಎತ್ತಿಕೊಂಡ. ಅವನು ಮುಗಿಸಿದಲ್ಲಿಂದ ಈಚೆಯ ಇಬ್ಬರು ಪಿಟೀಲಿನವರು ಬಾರ್ಟೋಕ್ ಬರೆದ 1931ರ ಜೋಡಿ ಪಿಟೀಲಿನ ತುಣುಕುಗಳನ್ನು ಶುರು ಮಾಡಿದರು. ಒಟ್ಟು 44 ಇವೆ. ಹಂಗೇರಿ, ಸ್ಲೊವಾಕ್, ರೊಮೇನಿಯಾ, ಸರ್ಬಿಯಾದ ಧಾಟಿಗಳ ಜೊತೆ ಒಂದು ಅರಬ್ ಹಾಡೂ ಇದೆ. ಬಿಸ್ಕ್ರಾದ ಬಿಸಿಲು ಅದರಲ್ಲಿ ಇನ್ನೂ ಆರಿರಲಿಲ್ಲ.

ಇದು ಫ್ಯೂಶನ್ ಅಲ್ಲ ಅಂತ ಆಗ ಹೊಳೆಯಿತು. ಸಾಲ ತಂದವರು, ಕೊಟ್ಟವರ ಮುಂದೆಯೇ ಲೆಕ್ಕ ಒಪ್ಪಿಸುತ್ತಿದ್ದರು.

ನನ್ನ ಕಣ್ಣು ಮಾತ್ರ ವಾದ್ಯಗಳ ಮೇಲೆ. ಹಳ್ಳಿ ತಂಡದ ವಿಯೋಲಾಗೆ ಕೊಂತ್ರಾ ಅನ್ನುತ್ತಾರೆ. ಮೂರೇ ತಂತಿ. ತಂತಿಗಳನ್ನು ಹೊರುವ ಕುದುರೆಯ (ಬ್ರಿಡ್ಜ್) ಬೆನ್ನು ಚಪ್ಪಟೆ, ಹಾಗಾಗಿ ಕಮಾನು ಇಟ್ಟರೆ ಮೂರೂ ತಂತಿ ಒಟ್ಟಿಗೆ ನುಡಿಯುತ್ತವೆ. ಕುಣಿಯುವವರ ಕಾಲಿಗೆ ಅದು ಬೇಕು. ನಮ್ಮ ಚೌಡಯ್ಯನವರು ಮೈಕ್ ಇಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೂ ಕೇಳಲಿ ಅಂತ ಪಿಟೀಲಿನ ತಂತಿ ಹೆಚ್ಚಿಸಿ ಏಳು ಮಾಡಿಕೊಂಡರು. ಇವರು ಒಂದನ್ನು ಕಿತ್ತೇ ಹಾಕಿದ್ದಾರೆ!

ಅದಕ್ಕಿಂತ ವಿಚಿತ್ರ ಗರ್ದೋನ್. ದೂರದಿಂದ ಚೆಲ್ಲೊ. ಹತ್ತಿರ ಹೋದರೆ ಒಂದೇ ಮರ ಕೊರೆದು ಮಾಡಿದ ಒರಟು ತೊಟ್ಟಿ. ಕಮಾನಿಲ್ಲ, ಕೋಲಿದೆ. ಎಲ್ಲ ತಂತಿಗೂ ಒಂದೇ ಸ್ವರ. ಗಿಮೆಶ್ ಅನ್ನುವ ಬೆಟ್ಟದ ಸೀಮೆಯಲ್ಲಿ ಗಂಡ ಪಿಟೀಲು ನುಡಿಸಿದರೆ ಹೆಂಡತಿ ಇದನ್ನು ಬಾರಿಸುವುದು ವಾಡಿಕೆ. ಇಲ್ಲೂ ಹೆಂಗಸೇ. ಕೋಲಿನಿಂದ ದಬ್ ಅಂತ ಒಂದೇಟು, ಮರುಗಳಿಗೆ ಇನ್ನೊಂದು ಕೈಯಿಂದ ತಂತಿ ಎಳೆದು ಬಿಟ್ಟರೆ ಅದು ಹಲಗೆಗೆ ಹೊಡೆದು ಚಟ್. ದಬ್-ಚಟ್, ದಬ್-ಚಟ್. ಲಯ ಎಲ್ಲೋ ಕುಂಟುತ್ತದೆ, ತಪ್ಪುವುದಿಲ್ಲ.

ವಿರಾಮದಲ್ಲಿ ಪೊಗಾಚಾ ತಿಂದೆವು. ಬೆಣ್ಣೆ ಜಾಸ್ತಿ ಹಾಕಿದ ಖಾರಾ ಬನ್ ಅನ್ನಬಹುದು, ಖಾರ ಒಂದಿಲ್ಲ.

ಆಮೇಲೆ ಆ ಕಪ್ಪು ಬಟ್ಟೆಯ ನಾಲ್ವರಿಂದ ಬಾರ್ಟೋಕರ 1928ರ ನಾಲ್ಕನೇ ಕ್ವಾರ್ಟೆಟ್, ಅಂದರೆ ನಾಲ್ಕು ವಾದ್ಯಗಳ ರಚನೆ. ಅದರ ನಾಲ್ಕನೇ ಭಾಗದಲ್ಲಿ ಯಾರೂ ಕಮಾನು ಮುಟ್ಟುವುದಿಲ್ಲ, ಬರೀ ಮೀಟು. ನಡುನಡುವೆ ಚೆಲ್ಲೊದವನು ತಂತಿಯನ್ನು ಎಷ್ಟು ಎಳೆದು ಬಿಟ್ಟನೆಂದರೆ ಅದು ಹಲಗೆಗೆ ಬಡಿದು ಚಟ್ ಅಂದಿತು. ತಂಗಿ ನನ್ನ ಕಡೆ ತಿರುಗಿದಳು. ನಾನು ಆಗಲೇ ಅವಳ ಕಡೆ ತಿರುಗಿದ್ದೆ.

ಕಛೇರಿ ಮುಗಿದ ಮೇಲೆ ವೇದಿಕೆ ಹತ್ತಿರ ಹೋದೆವು. ಗರ್ದೋನ್ ಅಮ್ಮ ಚೀಲಕ್ಕೆ ಹಾಕುವವರಿದ್ದರು. ನನ್ನ ಮುಖ ನೋಡಿ ಏನನ್ನಿಸಿತೋ, ಕೋಲು ಕೊಟ್ಟರು. ಬಾರಿಸಿದೆ. "ತಮಟೆ ಅಲ್ಲಕ್ಕಾ ಅದು" ಅಂದಳು ತಂಗಿ. ಆ ಅಮ್ಮ ನಕ್ಕು ನನ್ನ ಬೆರಳು ಹಿಡಿದು ತಂತಿಯ ಕೆಳಗೆ ತೂರಿಸಿ, ಎಳಿ ಅನ್ನುವಂತೆ ಸನ್ನೆ ಮಾಡಿದರು. ಎಳೆದೆ. ಚಟ್ ಬರಲಿಲ್ಲ. ಇನ್ನೂ ಜೋರಾಗಿ ಎಳೆದೆ. ಬಂತು. ವಾಪಸ್ ರೈಲಿನಲ್ಲಿ ನೋಡಿಕೊಂಡರೆ ಬೆರಳಿನ ಮೇಲೆ ಕೆಂಪು ಗೆರೆ ಇನ್ನೂ ಉರಿಯುತ್ತಿತ್ತು.