ದಶಮಾಂಶ ಕೊಡ್ತೀವಲ್ಲ, ಟ್ಯಾಕ್ಸ್ ಬೇರೆ ಕಟ್ಟಬೇಕಾ?

ಜುಲೈ ಬಂತು ಅಂದ್ರೆ ಸಾಕು, ಭಾನುವಾರ ಆರಾಧನೆ ಮುಗಿದು ಚಪ್ಪಲಿ ಹಾಕ್ಕೊಳ್ಳೋಷ್ಟರಲ್ಲಿ ಯಾರಾದ್ರೂ ಒಬ್ರು ಹಿಡ್ಕೊಳ್ತಾರೆ. ನಾನು ರಿಟರ್ನ್ ಫೈಲ್ ಮಾಡ್ಕೊಡೋನು ಅಂತ ಚರ್ಚಲ್ಲಿ ಎಲ್ರಿಗೂ ಗೊತ್ತು. "ಅಲ್ಲ ಬ್ರದರ್, ದೇವರಿಗೆ ಹತ್ತು ಪರ್ಸೆಂಟ್ ಕೊಡ್ತೀವಿ, ಈ ಸರ್ಕಾರಕ್ಕೂ ಕಟ್ಟಬೇಕಾ? ಬೈಬಲ್ ಏನ್ ಹೇಳುತ್ತೆ?"

ಕಟ್ಟಿ ಅಂತಾನೇ ಹೇಳುತ್ತೆ. ಉತ್ತರ ಇಷ್ಟೇ, ಆದ್ರೆ ಇಷ್ಟಕ್ಕೆ ಯಾರೂ ಬಿಡಲ್ಲ. (ದಶಮಾಂಶಕ್ಕೆ ದಾನದ ಟ್ಯಾಕ್ಸ್ ವಿನಾಯಿತಿ ಸಿಗುತ್ತಾ ಅಂತಾನೂ ಕೇಳ್ತಾರೆ, ಸಾಮಾನ್ಯವಾಗಿ ಸಿಗಲ್ಲ.)

"ಕೈಸರನದನ್ನು ಕೈಸರನಿಗೆ ಕೊಡಿರಿ, ದೇವರದನ್ನು ದೇವರಿಗೆ ಕೊಡಿರಿ" ಅನ್ನೋ ಯೇಸುವಿನ ಮಾತು (ಕೈಸರ ಅಂದ್ರೆ ರೋಮ್ ಚಕ್ರವರ್ತಿ) ಕ್ಯಾಲೆಂಡರ್ ಮೇಲೆ ಓದೋಕೆ ತಣ್ಣಗಿದೆ, ಹೇಳಿದ ಹೊತ್ತು ಹಾಗಿರ್ಲಿಲ್ಲ. ಕ್ರಿ.ಶ. 6ರಲ್ಲಿ ರೋಮ್ ಯೆಹೂದ್ಯರ ನಾಡಾದ ಯೂದಾಯವನ್ನ ನೇರವಾಗಿ ತನ್ನ ಕೈಗೆ ತಗೊಂಡು ಜನಗಣತಿ ಮಾಡಿಸಿದಾಗ ಗಲಿಲಾಯದ ಯೂದ ಅನ್ನೋನು ಈ ತೆರಿಗೆ ವಿಷಯಕ್ಕೇ ದಂಗೆ ಎದ್ದಿದ್ದ, ಯೇಸು ಕಾಲಕ್ಕೂ ಆ ಸಿಟ್ಟು ಆರಿರ್ಲಿಲ್ಲ, ಕಟ್ಟಿ ಅಂದ್ರೆ ಜನ ಉಗೀತಾರೆ, ಕಟ್ಬೇಡಿ ಅಂದ್ರೆ ರೋಮಿನವರು ಎಳ್ಕೊಂಡು ಹೋಗ್ತಾರೆ, ಸಿಕ್ಕಿಹಾಕಿಸೋಣ ಅಂತಾನೇ ಫರಿಸಾಯರೂ (ಕಟ್ಟಾ ಧರ್ಮನಿಷ್ಠ ಯೆಹೂದ್ಯರು) ಹೆರೋದ್ಯರೂ (ರಾಜ ಹೆರೋದನ ಕಡೆಯವರು) ಒಟ್ಟಾಗಿ ಬಂದು, ಕೈಸರನಿಗೆ ತೆರಿಗೆ ಕೊಡೋದು ಸರೀನಾ ಅಂತ ಕೇಳಿದ್ದು. ಯೇಸು ಮಾಡಿದ್ದು ನೋಡಿ, "ಒಂದು ನಾಣ್ಯ ತನ್ನಿ" ಅಂದ. ಆ ಕಾಲದ ದೆನಾರಿಯಸ್ ಅಂದ್ರೆ ಬೆಳ್ಳಿದು, ಕೂಲಿಯವನ ಒಂದು ದಿನದ ಸಂಬಳ, ಮೇಲೆ ಆಗಿನ ಕೈಸರ ತಿಬೇರಿಯನ ಮುಖ, ಸುತ್ತ ದೇವರಾದ ಅಗಸ್ಟಸನ ಮಗ ಅಂತ ಬರಹ. ದೇವಾಲಯದಲ್ಲಿ ನಿಂತು ಧರ್ಮಸೂಕ್ಷ್ಮ ಕೇಳ್ತಿದ್ದೋರ ಕೈಯಿಂದಾನೇ ಅದು ಬಂತು! ಅವನ ದುಡ್ಡಲ್ಲಿ ವ್ಯಾಪಾರ ಮಾಡ್ತೀರಿ, ಅವನಿಗೆ ಕೊಡೋದಿದ್ರೆ ಕೊಡಿ.

ಇನ್ನರ್ಧ ಮಾತನ್ನ ಜನ ಮರೀತಾರೆ. ನಾಣ್ಯದ ಮೇಲೆ ಕೈಸರನ ಮುಖ ಇದೆ ಅಂದ್ರೆ ಅದು ಅವನದು, ಹಾಗಾದ್ರೆ ದೇವರ ರೂಪ ಯಾವುದರ ಮೇಲಿದೆ? ಆದಿಕಾಂಡ ಮೊದಲ್ನೇ ಅಧ್ಯಾಯದ ಪ್ರಕಾರ ಮನುಷ್ಯನ ಮೇಲೆ. ಸುಮಾರು 1800 ವರ್ಷದ ಹಿಂದೇನೇ ತೆರ್ತುಲಿಯನ್ ಅನ್ನೋ ಕ್ರೈಸ್ತ ಲೇಖಕ ಇದನ್ನ ಹೀಗೆ ಓದಿದ್ದ. ಅಂದ್ರೆ ಇದು ಆಸ್ತಿ ಭಾಗ ಮಾಡ್ದಂಗೆ ನಿನಗರ್ಧ ನನಗರ್ಧ ಅಲ್ಲ, ಕೈಸರನಿಗೆ ದುಡ್ಡು ಸಿಗುತ್ತೆ, ಮನುಷ್ಯ ಸಿಗಲ್ಲ.

"ಸರ್ಕಾರ ಸರಿ ಇಲ್ವಲ್ಲ" ಅಂತಾರೆ ಕೆಲವರು. ಅಪೊಸ್ತಲ ಪೌಲ ರೋಮಾಪುರದವರಿಗೆ ಪತ್ರ ಬರೆದು ತೆರಿಗೆ ಕೊಡಿ, ದಂಡನೆಗೆ ಹೆದರಿ ಮಾತ್ರ ಅಲ್ಲ, ಮನಸ್ಸಾಕ್ಷಿಗೋಸ್ಕರಾನೂ ಅಂದಾಗ ಸುಮಾರು ಕ್ರಿ.ಶ. 57, ಸಿಂಹಾಸನದಲ್ಲಿ ಇದ್ದೋನು ನೀರೋ. ಅದಕ್ಕಿಂತ ಕೆಟ್ಟ ಸರ್ಕಾರ ಬೇಕಾ? ಹಾಗಂತ ಹೇಳಿದ್ದಕ್ಕೆಲ್ಲ ತಲೆ ಆಡಿಸಿ ಅಂತಲ್ಲ, ಗಂಡು ಮಗು ಹುಟ್ಟಿದ್ರೆ ಕೊಲ್ಲಿ ಅಂತ ಈಜಿಪ್ಟಿನ ರಾಜ ಫರೋಹ ಆರ್ಡರ್ ಮಾಡ್ದಾಗ ಇಬ್ಬರು ಸೂಲಗಿತ್ತಿಯರು ಕೇಳ್ಲಿಲ್ಲ, ಯೇಸು ಬಗ್ಗೆ ಬಾಯಿ ಮುಚ್ಕೊಂಡಿರಿ ಅಂದಾಗ ಅವನ ಶಿಷ್ಯ ಪೇತ್ರ ಕೇಳ್ಲಿಲ್ಲ. ತಪ್ಪು ಮಾಡು ಅಂದ್ರೆ ಮಾಡ್ಬಾರ್ದು. ಟ್ಯಾಕ್ಸ್ ಜಾಸ್ತಿ ಆಯ್ತು ಅನ್ನೋದು ಈ ಸಾಲಿಗೆ ಬರಲ್ಲ.

ಜಗಳ ಆಡ್ಬಾರ್ದಾ ಅಂದ್ರೆ ಆಡಿ, ಕೋರ್ಟಿದೆ. ಅನುದಾನಿತ ಶಾಲೇಲಿ ಪಾಠ ಮಾಡೋ ಸಿಸ್ಟರ್‌ಗಳು, ಫಾದರ್‌ಗಳು ಬಡತನದ ವ್ರತ ತಗೊಂಡೋರು, ಸಂಬಳ ಪೂರ್ತಿ ಅವರ ಸನ್ಯಾಸಿ ಸಭೆಗೆ ಹೋಗುತ್ತೆ, ಹಾಗಾಗಿ ಟಿಡಿಎಸ್ (ಸಂಬಳ ಕೊಡೋವಾಗ್ಲೇ ಹಿಡಿಯೋ ಟ್ಯಾಕ್ಸ್) ಹಿಡೀಬೇಡಿ ಅಂತ ಕೇಸ್ ನಡೀತು. 2024ರ ನವೆಂಬರಲ್ಲಿ ಸುಪ್ರೀಂ ಕೋರ್ಟ್ ಒಪ್ಲಿಲ್ಲ, ಸಂಬಳ ಅಂದ್ಮೇಲೆ ಟಿಡಿಎಸ್ ಹಿಡೀಬೇಕು ಅಂತು. ಒಂದು ಸೀರೆಗೂ ಲೆಕ್ಕ ಕೊಡೋ ಸಿಸ್ಟರ್‌ಗಳನ್ನ ನೋಡಿರೋ ನನಗೆ ಬೇಜಾರಾಯ್ತು, ಆದ್ರೆ ಅವರು ಹೋದ ದಾರಿ ಸರೀನೇ. ಪೌಲ ಕೂಡ ಕೈಸರನಿಗೇ ಅಪೀಲ್ ಹೋದೋನು.

ಸುಂಕದವನ ಹತ್ರ ಸುಖದುಃಖ ಹೇಳ್ಕೊಂಡಂಗೆ ಅಂತ ಗಾದೆ ಇದೆಯಲ್ಲ, ನನ್ನ ಹತ್ರ ಹೇಳ್ಕೊಳ್ಳೋರೇ ಜಾಸ್ತಿ. ಹೋದ ವರ್ಷ ಒಬ್ರು ಟ್ಯಾಕ್ಸ್ ಕಮ್ಮಿ ಮಾಡ್ಸೋಕೆ ಬಾಡಿಗೆ ರಸೀದಿ ತಂದ್ರು, ಹನ್ನೆರಡು ತಿಂಗಳದ್ದೂ ಒಂದೇ ಪೆನ್ನು, ರೆವಿನ್ಯೂ ಸ್ಟಾಂಪಿನ ಅಂಟು ಇನ್ನೂ ಒಣಗಿಲ್ಲ, ಓನರ್ ಅಂತ ಅವರಮ್ಮನ ಹೆಸರು. "ಅಮ್ಮ ಊರಲ್ಲಲ್ವಾ ಇರೋದು?" ಅಂದೆ. "ಹೌದು ಬ್ರದರ್, ಉಳಿಯೋ ದುಡ್ಡು ಚರ್ಚ್ ಬಿಲ್ಡಿಂಗ್ ಫಂಡಿಗೇ ಹಾಕ್ತೀನಿ" ಅಂದ್ರು. ನಾನು ರಸೀದಿ ವಾಪಸ್ ಕೊಟ್ಟೆ. ಬೇರೆ ಎಲ್ಲೋ ಫೈಲ್ ಮಾಡಿಸಿದ್ರಂತೆ. ಈಗಲೂ ಆರಾಧನೆ ಮುಗಿದ್ಮೇಲೆ ಕೈ ಕುಲುಕ್ತಾರೆ, ಮಳೆ ವಿಷಯ ಮಾತಾಡ್ತಾರೆ.